ಬಲವಂತವಿಲ್ಲದ ಕರೆ

(ಗುಮ್ಮಳಾಪುರದಲ್ಲಿ ಸೇರಿದ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಪ್ರಸಂಗದ ಬರಹರೂಪ)



ಈ ಸಂಜೆ ನಾವು ಓದಿದ ವೇದಭಾಗ ಬಹಳ ಚಿಕ್ಕದು. ತೀತನ ಪತ್ರಿಕೆಗೂ ಇಬ್ರಿಯರ ಪತ್ರಿಕೆಗೂ ನಡುವೆ ಒಂದೇ ಹಾಳೆಯಲ್ಲಿ ಮುಗಿದುಹೋಗುವ ಫಿಲೆಮೋನನ ಪತ್ರಿಕೆ. ಒಂದೇ ಅಧ್ಯಾಯ, ಇಪ್ಪತ್ತೈದು ವಚನ. ಹಾಳೆ ತಿರುವುವಾಗ ಕೈತಪ್ಪಿ ದಾಟಿಹೋಗುವಂಥದು. ಅದರ 14ನೆಯ ವಚನದ ಬಳಿ ಬೆರಳಿಟ್ಟುಕೊಳ್ಳಿರಿ. ಫಿಲೆಮೋನನ ಒಪ್ಪಿಗೆ ಕೇಳದೆ ತಾನು ಏನನ್ನೂ ಮಾಡಲು ಇಷ್ಟಪಡುವುದಿಲ್ಲವೆಂದೂ, ಅವನು ಮಾಡುವ ಒಳ್ಳೆಯ ಕೆಲಸ ಯಾರ ಒತ್ತಾಯಕ್ಕೂ ಆಗದೆ ಅವನ ಮನಸ್ಸಿನಿಂದಲೇ ಬರಬೇಕೆಂದೂ ಪೌಲನು ಅಲ್ಲಿ ಬರೆಯುತ್ತಾನೆ.

ದೇವರ ಕರೆ, ಸೇವೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ನಮ್ಮಲ್ಲಿ ಎಷ್ಟೋ ಮಂದಿ ತಲೆ ತಗ್ಗಿಸಿಕೊಳ್ಳುತ್ತಾರೆ. ಇನ್ನೂ ಒಂದು ಕೆಲಸ ತಲೆಯ ಮೇಲೆ ಬಿತ್ತಲ್ಲಾ ಎಂದು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ನಮಗೆ ಕರೆ ಎಂದರೆ ಬೆಳಗಿನ ಜಾವ ಮೇಸ್ತ್ರಿಯ ಸೀಟಿ. ಹೋಗದಿದ್ದರೆ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಗೀಟು, ವಾರದ ಕೊನೆಗೆ ಬಟವಾಡೆಯಲ್ಲಿ ಅಷ್ಟು ಕಡಿತ. ಕರೆದವನ ಮಾತಿಗೆ ಹೂಂ ಅನ್ನುವುದೊಂದೇ ನಮಗೆ ಅಭ್ಯಾಸ. ಒಲ್ಲೆ ಅನ್ನುವ ಪದ ನಾಲಿಗೆಗೆ ಹತ್ತುವುದೇ ಇಲ್ಲ. ಅಂಥವರ ಮುಂದೆ ನಿಂತು ದೇವರು ನಿಮ್ಮನ್ನು ಕರೆಯುತ್ತಾನೆ ಎಂದರೆ, ಮೇಲೊಬ್ಬ ದೊಡ್ಡ ದೊರೆ ಕೂತು ಇನ್ನೂ ದೊಡ್ಡ ಸೀಟಿ ಊದುತ್ತಿದ್ದಾನೆಂದೇ ಕೇಳಿಸೀತು.

ಆದಕಾರಣ ಮೊದಲು ನಮ್ಮ ಕೆಲಸಗಳನ್ನೇ ಒಮ್ಮೆ ನೋಡೋಣ. ಕೂಲಿ ಕೆಲಸ ಇದೆ. ಬೆವರು ಕೊಟ್ಟು ದುಡ್ಡು ತರುತ್ತೇವೆ, ಅದರಲ್ಲಿ ನಾಚಿಕೆಯಿಲ್ಲ. ಮುಯ್ಯಿ ಆಳು ಇದೆ. ಈ ವಾರ ನಿನ್ನ ರಾಗಿಹೊಲಕ್ಕೆ ನಾನು, ಮುಂದಿನ ವಾರ ನನ್ನದಕ್ಕೆ ನೀನು. ಬಿಟ್ಟಿ ಇತ್ತು, ಜೀತ ಇತ್ತು. ಅಜ್ಜ ತಂದ ಸಾಲಕ್ಕೆ ಮೊಮ್ಮಗ ದನ ಕಾಯುವುದು, ಹೆಬ್ಬೆಟ್ಟು ಒತ್ತಿದ ಕಾಗದವನ್ನು ತೋರಿಸಿ ತೋರಿಸಿ ಮೂರು ತಲೆಮಾರು ದುಡಿಸಿಕೊಳ್ಳುವುದು. 1975ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, 1976ರಲ್ಲಿ ಅದನ್ನೇ ಕಾಯಿದೆ ಮಾಡಿ, ಜೀತವನ್ನು ರದ್ದುಗೊಳಿಸಿತು. ಆ ಸಾಲಗಳೂ ಅಳಿಸಿಹೋದವೆಂದು ಕಾಯಿದೆ ಹೇಳಿತು. ಕಾಗದದ ಮೇಲೆ ಅಳಿದದ್ದು ಮನಸ್ಸಿನಿಂದ ಅಳಿಯಲು ಇನ್ನೂ ಕಾಲ ಹಿಡಿಯುತ್ತದೆ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಚಾಳಿ ಬೇರೆ ಬೇರೆ ಹೆಸರಿನಲ್ಲಿ ಇಂದಿಗೂ ತಲೆ ಎತ್ತುವುದನ್ನು ನೀವೇ ಬಲ್ಲಿರಿ.

ಇವೆಲ್ಲದರ ಹೊರಗೆ ಇನ್ನೊಂದು ಕೆಲಸ ಉಂಟು. ನಡುರಾತ್ರಿ ಪಕ್ಕದ ಮನೆಯ ಕೂಸಿಗೆ ಜ್ವರ ಏರಿ ಕಣ್ಣು ಮೇಲೆ ಮಾಡಿದರೆ, ಆ ತಾಯಿಯ ಕೂಗು ಕೇಳಿ ನೀವು ಓಡುತ್ತೀರಿ. ಯಾರೂ ಸೀಟಿ ಊದಲಿಲ್ಲ. ಯಾರೂ ಹಾಜರಿ ಬರೆಯಲಿಲ್ಲ. ಮುಯ್ಯಿ ತೀರಿಸುವಳೋ ಇಲ್ಲವೋ ಎಂದು ಲೆಕ್ಕ ಹಾಕಲಿಲ್ಲ. ನೀವು ಓಡಿದ್ದು ಓಡದೆ ಇರಲು ಆಗದ್ದರಿಂದ. ಆದರೂ ನಿಮ್ಮನ್ನು ಯಾರೂ ಓಡಿಸಲಿಲ್ಲ. ಆ ಕೆಲಸಕ್ಕೆ ನಮ್ಮ ಮಾತಿನಲ್ಲಿ ಪ್ರತ್ಯೇಕ ಹೆಸರು ನನಗೆ ತಿಳಿಯದು. ಸತ್ಯವೇದ ಸೇವೆ ಎಂದು ಕರೆಯುವುದು ಈ ಓಟವನ್ನೇ.

ಈಗ ಫಿಲೆಮೋನನ ಮನೆಗೆ ಬನ್ನಿರಿ. ಅವನು ಕೊಲೊಸ್ಸೆಯ ಅನುಕೂಲಸ್ಥ. ಅವನ ಮನೆಯಲ್ಲೇ ಸಭೆ ಕೂಡುತ್ತಿತ್ತು. ಅವನಿಗೊಬ್ಬ ದಾಸನಿದ್ದ, ಒನೇಸಿಮ. ಕ್ರಯಕ್ಕೆ ಕೊಂಡ ಆಳು. ಆ ಒನೇಸಿಮನು ಯಜಮಾನನಿಂದ ದೂರವಾಗಿ, ಸೆರೆಯಲ್ಲಿದ್ದ ಪೌಲನ ಬಳಿಗೆ ಬಂದು ಸೇರಿಕೊಂಡ. ಓಡಿಬಂದವನೆಂದೇ ಹಿರಿಯರು ಮೊದಲಿನಿಂದ ಹೇಳುತ್ತಾ ಬಂದಿದ್ದಾರೆ. ಅಲ್ಲಿ ಕರ್ತನನ್ನು ನಂಬಿದ. ಒನೇಸಿಮ ಎಂಬ ಹೆಸರಿಗೆ ಉಪಯೋಗಕ್ಕೆ ಬರುವವನು ಎಂದು ಅರ್ಥ. ಸರಪಳಿಯಲ್ಲಿದ್ದ ಮುದುಕ ಪೌಲನಿಗೆ ಅವನು ನಿಜವಾಗಿಯೂ ಉಪಯೋಗಕ್ಕೆ ಬಂದ. ನೀರು ತಂದುಕೊಡಲು, ಮಾತಾಡಿಸಲು, ಹೊರಗಿನ ಕೆಲಸಕ್ಕೆ ಓಡಾಡಲು ಸೆರೆಯವನಿಗೆ ಒಬ್ಬನು ಬೇಕಲ್ಲವೇ?

ಪೌಲನು ಅವನನ್ನು ಅಲ್ಲೇ ಇಟ್ಟುಕೊಳ್ಳಬಹುದಿತ್ತು. ಫಿಲೆಮೋನನಿಗೆ ಆಜ್ಞೆ ಕೊಡುವಷ್ಟು ಅಧಿಕಾರವೂ ಅವನಿಗಿತ್ತು. ಪತ್ರದಲ್ಲಿ ಅದನ್ನು ನೆನಪಿಸಿಯೂ ಇದ್ದಾನೆ. ಆದರೆ ಅಧಿಕಾರವನ್ನು ಚಲಾಯಿಸಲಿಲ್ಲ. ಅಪೊಸ್ತಲನಾಗಿದ್ದೂ ಕೈಮುಗಿದು ಕೇಳಿಕೊಂಡ. ಇವನನ್ನು ಇನ್ನು ದಾಸನೆಂದು ಕಾಣಬೇಡ, ಪ್ರಿಯ ಸಹೋದರನೆಂದು ಸೇರಿಸಿಕೊ ಎಂಬುದು ಅವನ ಬೇಡಿಕೆ. ಮುಂದಿನ ಮಾತು ನಮ್ಮಂಥವರಿಗೇ ಬರೆದ ಹಾಗಿದೆ: ಇವನು ನಿನಗೆ ಏನಾದರೂ ಬಾಕಿ ಕೊಡಬೇಕಾಗಿದ್ದರೆ ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಲಿ, ತಾನೇ ತೀರಿಸುವೆನೆಂದು ಪೌಲನು ತನ್ನ ಸ್ವಂತ ಕೈಯಿಂದ ಬರೆದುಕೊಟ್ಟಿದ್ದಾನೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಲೋಕದಲ್ಲಿ, ಇನ್ನೊಬ್ಬನ ಸಾಲಕ್ಕೆ ತಾನೇ ಸಹಿ ಹಾಕಿಕೊಟ್ಟ ಮನುಷ್ಯ.

ಹಾಗಾದರೆ ಪೌಲನು ದಾಸ್ಯವನ್ನೇ ಏಕೆ ನೇರವಾಗಿ ಖಂಡಿಸಲಿಲ್ಲ ಎಂದು ಕಳೆದ ಕೂಟದಲ್ಲಿ ಒಬ್ಬ ಹುಡುಗ ಕೇಳಿದ. ಸರಿಯಾದ ಪ್ರಶ್ನೆ. ಖಂಡಿಸಿದ್ದರೆ ನನಗೂ ಸಂತೋಷವಾಗುತ್ತಿತ್ತು. ಆದರೆ ಒಂದು ಮಾತು. ಯಜಮಾನನನ್ನು ಬಲವಂತಮಾಡದೆ ಕೇಳಿದ ಪೌಲನು ದಾಸನನ್ನೂ ಬಲವಂತಮಾಡಲಿಲ್ಲ. ಒನೇಸಿಮನು ಸೆರೆಮನೆಯಲ್ಲಿ ಮಾಡಿದ ಶುಶ್ರೂಷೆ ಅವನ ಜೀವಮಾನದಲ್ಲೇ ಅವನು ತನ್ನ ಮನಸ್ಸಿನಿಂದ ಮಾಡಿದ ಮೊದಲನೆಯ ಕೆಲಸ ಆಗಿದ್ದರೂ ಆಗಿರಬಹುದು. ಅದನ್ನು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ. ಹುಟ್ಟಿನಿಂದ ದುಡಿದವನು, ಆ ದಿನ ಮೊದಲ ಬಾರಿಗೆ ಸೇವೆ ಮಾಡಿದ.

ದೇವರು ಬಲವಂತಮಾಡಿ ಕಳಿಸಿದವರೂ ಇದ್ದಾರಲ್ಲಾ, ಯೋನನನ್ನು ಮೀನು ನುಂಗಲಿಲ್ಲವೇ ಎನ್ನುವಿರಿ. ನಿಜ. ಮೀನು ಯೋನನನ್ನು ದಡಕ್ಕೆ ತಂದು ಹಾಕಿತು, ಅವನು ನಿನೆವೆಗೆ ಹೋಗಿ ಸಾರಿದ, ಊರೆಲ್ಲ ತಿರುಗಿಕೊಂಡಿತು. ಕೊನೆಯ ಅಧ್ಯಾಯ ನೋಡಿ. ಅಷ್ಟು ದೊಡ್ಡ ಪಟ್ಟಣ ಉಳಿದಿರುವಾಗ ಒಬ್ಬನೇ ಒಬ್ಬನು ಮುಖ ಗಂಟಿಕ್ಕಿಕೊಂಡು ಗಿಡದ ನೆರಳಲ್ಲಿ ಕೂತಿದ್ದಾನೆ, ಸಾಯುವುದೇ ಮೇಲು ಅನ್ನುತ್ತಿದ್ದಾನೆ. ಅವನೇ ಪ್ರಸಂಗ ಮಾಡಿದವನು. ಮನಸ್ಸಿಲ್ಲದೆ ಮಾಡಿದ ಸೇವೆಯಿಂದ ಊರಿಗೆ ಪ್ರಯೋಜನವಾಯಿತು, ಅವನಿಗೆ ಆಗಲಿಲ್ಲ. ಮೋಶೆಯಂತೂ ಒಂದರ ಮೇಲೊಂದು ನೆಪ ಹೇಳಿದ. ತನಗೆ ನಾಲಿಗೆ ಓಡುವುದಿಲ್ಲವೆಂದ, ಬೇರೆ ಯಾರನ್ನಾದರೂ ಕಳಿಸೆಂದ. ದೇವರಿಗೆ ಕೋಪ ಬಂದರೂ ಅವನ ನಾಲಿಗೆಗೆ ಜೊತೆಯಾಗಿ ಅಣ್ಣ ಆರೋನನನ್ನು ಕೊಟ್ಟ. ಓದುಬರಹವಿಲ್ಲ, ಮಾತು ಬರುವುದಿಲ್ಲ ಎಂದು ಹಿಂಜರಿಯುವವರು ಆ ಅಧ್ಯಾಯವನ್ನು ಮನೆಯಲ್ಲಿ ಓದಿಸಿ ಕೇಳಿರಿ. ನಾನು ಅಲ್ಲಿ ಹೆಚ್ಚು ನಿಲ್ಲುವುದಿಲ್ಲ.

ನಿಲ್ಲಬೇಕಾದದ್ದು ಒಬ್ಬ ಹುಡುಗಿಯ ಹತ್ತಿರ. ಎರಡನೆಯ ಅರಸುಗಳು, ಐದನೆಯ ಅಧ್ಯಾಯ. ಅರಾಮಿನ ದಂಡಿನವರು ಇಸ್ರಾಯೇಲಿನ ಹಳ್ಳಿಗಳಿಗೆ ನುಗ್ಗಿ ಒಂದು ಸಣ್ಣ ಹುಡುಗಿಯನ್ನು ಹಿಡಿದುಕೊಂಡು ಹೋದರು. ಅವಳು ಸೇನಾಪತಿ ನಾಮಾನನ ಹೆಂಡತಿಗೆ ಮನೆಗೆಲಸದವಳಾದಳು. ಅವಳ ಹೆಸರನ್ನು ಬರೆದವರು ಬರೆಯಲೇ ಇಲ್ಲ. ಮನೆಗೆಲಸದ ಹುಡುಗಿಯ ಹೆಸರು ಯಾವ ಪುಸ್ತಕದಲ್ಲಿ ತಾನೆ ಇರುತ್ತದೆ? ಅವಳು ಕಸ ಗುಡಿಸಿದ್ದು, ಪಾತ್ರೆ ತೊಳೆದದ್ದು ಬಲವಂತಕ್ಕೆ. ಆದರೆ ನಾಮಾನನಿಗೆ ಕುಷ್ಠ ಇರುವುದನ್ನು ಕಂಡು, ನಮ್ಮ ದೇಶದ ಪ್ರವಾದಿಯ ಹತ್ತಿರ ಹೋದರೆ ವಾಸಿಯಾದೀತೆಂದು ಅಮ್ಮಾವರಿಗೆ ಹೇಳಿದಳಲ್ಲಾ, ಅದನ್ನು ಅವಳ ಬಾಯಿಂದ ಯಾರೂ ಹೊರಡಿಸಲಿಲ್ಲ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ತನ್ನನ್ನು ತಂದೆತಾಯಿಗಳಿಂದ ಕಿತ್ತುತಂದವನ ರೋಗ ಹೋಗಲಿ ಎಂದು ಬಯಸುವ ಹಂಗು ಅವಳಿಗೇನಿತ್ತು? ಯಜಮಾನನು ಅವಳ ಕೈಗಳನ್ನು ಹಿಡಿದು ತಂದಿದ್ದ. ಆ ಒಂದು ಮಾತು ಮಾತ್ರ ಅವಳದೇ ಆಗಿತ್ತು. ಅದನ್ನು ಅವಳು ದಾನವಾಗಿ ಕೊಟ್ಟಳು.

ಈ ಕಥೆಯನ್ನು ತಪ್ಪಾಗಿ ಹೇಳಿ, ನೋಡಿ, ಜೀತದಲ್ಲಿದ್ದರೂ ಒಳ್ಳೆಯವಳಾಗಿ ನಡೆದಳು, ನೀವೂ ಬಾಯಿ ಮುಚ್ಚಿಕೊಂಡು ದುಡಿಯಿರಿ ಎನ್ನುವವರಿದ್ದಾರೆ. ಅವಳು ಬಾಯಿ ಮುಚ್ಚಿಕೊಂಡಿರಲಿಲ್ಲ ಎಂಬುದೇ ಕಥೆ.

ಇನ್ನು ನಮ್ಮ ಕನ್ನಡ ನಾಡಿನ ಒಬ್ಬರ ವಿಷಯ. ಕೊಡಗಿನ ಕಾಫಿ ತೋಟಗಳಿಗೆ ಹೋಗಿಬಂದ ಕುಟುಂಬಗಳಿಗೆ ಸಿದ್ದಾಪುರ, ಅಮ್ಮತ್ತಿ ಕಡೆಯ ಆನಂದಪುರ ಎಂಬ ಹೆಸರು ಕೇಳಿ ಗೊತ್ತಿರಬಹುದು. ಆ ಊರಿನ ಹಿಂದೆ ಒಬ್ಬ ಮನುಷ್ಯನ ಒಪ್ಪಿಗೆಯ ಕಥೆಯಿದೆ.

1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಆನಂದರಾವ್ ಕೌಂಡಿನ್ಯ ಎಂಬವರು ಹುಟ್ಟಿದರು. ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದರು. ಅಲ್ಲಿದ್ದವರು ಹೆರ್ಮನ್ ಮೋಗ್ಲಿಂಗ್. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದವರು. 1844ರ ಜನವರಿಯಲ್ಲಿ ಆನಂದರಾಯರು ದೀಕ್ಷಾಸ್ನಾನ ಹೊಂದಿ ಹೆರ್ಮನ್ ಎಂಬ ಹೆಸರನ್ನೂ ಸೇರಿಸಿಕೊಂಡರು. ಊರಲ್ಲಿ ದೊಡ್ಡ ಗದ್ದಲವೆದ್ದಿತು. ಸ್ವಂತ ಜನರು ಕೈಬಿಟ್ಟರು. ಬಾಲ್ಯದಲ್ಲೇ ಮದುವೆಯಾಗಿದ್ದ ಹೆಂಡತಿ ಅವರೊಡನೆ ಬರಲಿಲ್ಲ. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಇದನ್ನೆಲ್ಲ ತಾಳಿಕೊಂಡರು. 1846ರಲ್ಲಿ ಮೋಗ್ಲಿಂಗರ ಜೊತೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣಕ್ಕೆ ಹೋಗಿ ದೇವಜ್ಞಾನ ಓದಿ, 1851ರಲ್ಲಿ ಅಭಿಷೇಕ ಹೊಂದಿ ಊರಿಗೆ ಮರಳಿದರು. ಆ ಮಿಷನ್ನಿನಿಂದ ಅಭಿಷೇಕ ಪಡೆದ ಮೊದಲ ಭಾರತೀಯರು ಅವರೇ.

ಅಷ್ಟಕ್ಕೆ ನಿಂತಿದ್ದರೂ ಅವರ ಬಾಳು ಸಾರ್ಥಕವೆಂದೇ ಎಲ್ಲರೂ ಅನ್ನುತ್ತಿದ್ದರು. ಮಂಗಳೂರಿನಲ್ಲಿ ಉಪದೇಶಿಗಳನ್ನು ತಯಾರುಮಾಡುವ ಶಾಲೆಯಲ್ಲಿ ಗುರುಗಳಾಗಿದ್ದರು. ಒಳ್ಳೆಯ, ಗೌರವದ ಕೆಲಸ. ಆದರೆ ಅತ್ತ ಕೊಡಗಿನಲ್ಲಿ ಬೇರೆ ಸಂಗತಿ ನಡೆಯುತ್ತಿತ್ತು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಗಿತ್ತು. 1843ರ ಕಾಯಿದೆ ಬಂದು, ಮನುಷ್ಯರನ್ನು ಸೊತ್ತೆಂದು ನ್ಯಾಯಾಲಯಗಳು ಒಪ್ಪಬಾರದೆಂದು ಆಗಿತ್ತು. ಆದರೂ ಗದ್ದೆಗಳಲ್ಲಿ ದುಡಿಯುವ, ಆಗಿನ ಬರಹಗಳು ಹೊಲೆಯರೆಂದು ಕರೆದ ಜನರ ಬದುಕು ಬದಲಾಗಿರಲಿಲ್ಲ. ಭೂಮಿ ಯಾರದೋ ಅವರೂ ಅವನ ಆಳುಗಳೇ. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ. ಅವನ ಹಿಂದೆ ಬೇರೆ ದೊರೆಗಳು ಬಂದರು. ಅದಕ್ಕೆ ಸ್ವಲ್ಪ ಮುಂಚೆ, 1853ರಲ್ಲಿ, ಆಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಸ್ತೆಫನಸ್ ಎಂಬ ಹೆಸರಿನಿಂದ ಕ್ರೈಸ್ತರಾದರು. ಮೋಗ್ಲಿಂಗರು ಕೊಡಗಿಗೆ ಬಂದರು. ಒಡೆಯನು ನಂಬಿದ ಸುದ್ದಿ ಆಳುಗಳಿಗೂ ಮುಟ್ಟಿತು, ಅವರೂ ಬಂದು ಉಪದೇಶ ಕೇಳತೊಡಗಿದರು. ಆದರೆ ಹಳೆಯ ಒಡೆಯರ ನೆಲ ಬಿಟ್ಟು ನಿಲ್ಲಲು ಜಾಗವೆಲ್ಲಿ? ತಿನ್ನಲು ಅನ್ನವೆಲ್ಲಿ? ಹೀಗೆ 1857ರ ಹೊತ್ತಿಗೆ ಆನಂದಪುರ ಎಂಬ ಹೊಸ ಊರು ಎದ್ದಿತು. ಕಾಫಿ ತೋಟದ ಕೆಲಸವೇ ಅದರ ಅನ್ನ. ಈ ಊರಿಗೆ ಹೆಸರೂ ಹೆಗಲೂ ಕೊಟ್ಟವರು ಆನಂದರಾವ್ ಕೌಂಡಿನ್ಯರು.

ಈಗ ನೂರಾ ಎಪ್ಪತ್ತು ವರ್ಷಗಳ ಹಿಂದಿನ ಜಾತಿಯ ಕಟ್ಟುಗಳನ್ನು ಮನಸ್ಸಿಗೆ ತಂದುಕೊಳ್ಳಿರಿ. ಯಾರ ನೆರಳು ಮೈಮೇಲೆ ಬೀಳಬಾರದೆಂದು ಚಿಕ್ಕಂದಿನಿಂದ ಕಲಿಸಿದ್ದರೋ, ಆ ಜನರ ನಡುವೆ, ಅವರ ಕಷ್ಟಸುಖದಲ್ಲಿ, ಮಂಗಳೂರಿನ ಬ್ರಾಹ್ಮಣ ಮನೆಯ ಮಗ. ಬಾಸೆಲಿನಿಂದ ಆಜ್ಞೆ ಬಂದು ಹೋದವರ ಕಥೆ ಇದಲ್ಲ. ಕರ್ತನು ದೊಡ್ಡ ಊರಿನಿಂದ ಸಣ್ಣ ಊರಿಗೆ, ಮೇಲಿನ ಪಂಕ್ತಿಯಿಂದ ಕೆಳಗಿನ ಪಂಕ್ತಿಗೆ ಕರೆದಾಗ ಮನಸ್ಸು ಮಾಡಿ ಇಳಿದವರ ಕಥೆ. ಅವರು 1893ರಲ್ಲಿ ತೀರಿಕೊಂಡರು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ನ್ಯಾಯವಾಗದು. ಕೂಲಿ ಕೊಡುವ ಕೈಯೂ ವೇದ ಹೇಳುವ ಬಾಯಿಯೂ ಒಂದೇ ಆದರೆ, ಕೇಳುವವನು ಮನಸ್ಸಿನಿಂದ ತಲೆಯಾಡಿಸುತ್ತಾನೋ ಹೊಟ್ಟೆಗಾಗಿ ತಲೆಯಾಡಿಸುತ್ತಾನೋ ತಿಳಿಯುವುದು ಕಷ್ಟ. ಅವನಿಗೇ ತಿಳಿಯುವುದು ಕಷ್ಟ. ಮಿಷನ್ನಿನ ತೋಟ, ಮಿಷನ್ನಿನ ಕಾರ್ಖಾನೆ ಇದ್ದ ಊರುಗಳಲ್ಲೆಲ್ಲ ಈ ತೊಡಕು ಇತ್ತು. ಹಸಿದವನಿಗೆ ಕೆಲಸ ಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ, ಕೊಡದಿದ್ದರೆ ಇನ್ನೂ ತಪ್ಪು. ಆದರೆ ಪೌಲನ ಹಾಗೆ ಒಪ್ಪಿಗೆ ಕೇಳುವುದನ್ನು ಮರೆಯುವುದು ಎಷ್ಟು ಸುಲಭವೆಂದು ಅದರಿಂದ ಕಾಣುತ್ತದೆ.

ವೆಲ್ಲೂರಿನ ಆಸ್ಪತ್ರೆಗೆ ಹೋಗಿಬಂದವರು ಈ ಸೀಮೆಯಲ್ಲಿ ಅನೇಕರಿದ್ದೀರಿ. ಅದು ಹುಟ್ಟಿದ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. ಐಡಾ ಸ್ಕಡರ್ ಎಂಬಾಕೆ ಮಿಷನರಿ ಮನೆತನದವರು. ಅಜ್ಜನೂ ಅಪ್ಪನೂ ಮಿಷನರಿ ವೈದ್ಯರು. ಆಕೆಗೆ ಮಾತ್ರ ಆ ಕೆಲಸ ಸುತರಾಂ ಬೇಡವಾಗಿತ್ತು. ತಾಯಿಗೆ ಕಾಯಿಲೆಯೆಂದು ಅಮೆರಿಕದಿಂದ 1890ರಲ್ಲಿ ತಿಂಡಿವನಕ್ಕೆ ಬಂದಿದ್ದರು, ಹಿಂದಿರುಗಿ ಹೋಗುವ ಎಣಿಕೆಯಲ್ಲಿದ್ದರು. ಒಂದು ರಾತ್ರಿ ಒಬ್ಬರಾದ ಮೇಲೊಬ್ಬರು ಮೂವರು ಗಂಡಸರು ಬಾಗಿಲು ತಟ್ಟಿದರು. ಮೂವರ ಹೆಂಡಂದಿರೂ ಹೆರಿಗೆಯ ಸಂಕಟದಲ್ಲಿದ್ದರು. ಗಂಡು ವೈದ್ಯರು ಮುಟ್ಟಕೂಡದು, ನೀವು ಬನ್ನಿ ಎಂದರು. ತನಗೆ ವೈದ್ಯ ತಿಳಿಯದು, ಅಪ್ಪನನ್ನು ಕರೆದುಕೊಂಡು ಹೋಗಿ ಎಂದರು ಐಡಾ. ಮೂವರೂ ಒಲ್ಲೆನೆಂದು ಹಿಂದಿರುಗಿದರು. ಬೆಳಗಾಗುವಾಗ ಆ ಮೂವರು ಹೆಂಗಸರೂ ಸತ್ತಿದ್ದರು. ಐಡಾ ಅಮೆರಿಕಕ್ಕೆ ಹೋಗಿ ವೈದ್ಯ ಓದಿ 1899ರಲ್ಲಿ ಪದವಿ ಪಡೆದು, 1900ರಲ್ಲಿ ವೆಲ್ಲೂರಿನಲ್ಲಿ ಒಂದು ಹಾಸಿಗೆಯ ದವಾಖಾನೆ ಇಟ್ಟರು. 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಹೆಣ್ಣುಮಕ್ಕಳ ವೈದ್ಯಶಾಲೆ. 1960ರಲ್ಲಿ ತೀರಿಕೊಳ್ಳುವವರೆಗೆ ಈ ದೇಶವೇ ಅವರ ಮನೆ. ನಾನು ಗಮನಿಸುವುದೇನೆಂದರೆ, ಆ ಮೂವರು ಗಂಡಸರು ಮಿಷನರಿಯಾಗೆಂದು ಆಕೆಯನ್ನು ಕೇಳಲಿಲ್ಲ. ಆಕೆಯ ಮನೆಯವರೂ ಬಲವಂತಮಾಡಲಿಲ್ಲ. ಬಾಗಿಲು ತಟ್ಟಿತು ಅಷ್ಟೆ.

ಬಾಗಿಲು ಅಂದಾಗ ನಮ್ಮ ಊರಿನ ಹೆಸರು ನೆನಪಾಗುತ್ತದೆ. ಕೆನೆತ್ ಆಂಡರ್ಸನ್ ಎಂಬ ಬೇಟೆಗಾರರು 1954ರಲ್ಲಿ ಅಚ್ಚಾದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಗುಮ್ಮಳಾಪುರದ ನರಭಕ್ಷಕ ಚಿರತೆಯ ಕಥೆ ಬರೆದಿದ್ದಾರೆ. ದೂರದೂರದವರಿಗೆ ಗುಮ್ಮಳಾಪುರ ಎಂದರೆ ಆ ಚಿರತೆಯೇ. ಹೊತ್ತು ಮುಳುಗಿದರೆ ಜನ ಕದ ಹಾಕಿಕೊಂಡು, ಯಾರು ಕೂಗಿದರೂ ತೆರೆಯದೆ ಕೂತಿರುತ್ತಿದ್ದ ಊರು. ಈಗ ಚಿರತೆಯ ಭಯ ಅಷ್ಟಿಲ್ಲ, ಆನೆಯ ಭಯ ಇದೆ. ಆದರೂ ಕದ ಹಾಕಿಕೊಳ್ಳುವುದು ಹೆಚ್ಚಾಗಿದೆ. ಪ್ರತಿ ಮನೆಯೊಳಗೆ ಒಂದು ಟೀವಿ, ಪ್ರತಿ ಕೈಯೊಳಗೆ ಒಂದು ಫೋನು. ಹೊರಗೆ ಯಾರು ತಟ್ಟುತ್ತಿದ್ದಾರೆ?

ನನಗೆ ಕೇಳಿಸಿದ್ದನ್ನು ಹೇಳುತ್ತೇನೆ, ಉಳಿದದ್ದು ನಿಮಗೇ ಹೆಚ್ಚು ಗೊತ್ತು.

ನಮ್ಮದು ತಮಿಳುನಾಡಿನ ಅಂಚಿನ ಕನ್ನಡ ಸೀಮೆ. 1956ರಲ್ಲಿ ಭಾಷೆಯ ಮೇರೆಗೆ ರಾಜ್ಯಗಳಾದಾಗ ನಾವು ಈ ಕಡೆ ಉಳಿದೆವು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲೆಯ ಹೆಸರು ಎರಡು ಸಲ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. 2006ರಲ್ಲಿ ಶಾಲೆಗಳಲ್ಲಿ ತಮಿಳು ಕಡ್ಡಾಯ ಮಾಡುವ ಕಾಯಿದೆ ಬಂದಮೇಲೆ ಮಕ್ಕಳು ತಮಿಳನ್ನು ಚೆನ್ನಾಗಿ ಕಲಿಯುತ್ತಿದ್ದಾರೆ. ಕಲಿಯಲಿ, ಬಸ್ಸು, ಕಛೇರಿ, ಕೆಲಸ ಎಲ್ಲ ಅದರಲ್ಲೇ, ಅದೂ ದೇವರ ಕೊಟ್ಟ ಭಾಷೆಯೇ. ಆದರೆ ಅಜ್ಜಿಯ ತಲೆದಿಂಬಿನ ಬಳಿ ಇರುವ ಸತ್ಯವೇದ ಕನ್ನಡದ್ದು. ಅಜ್ಜಿಗೆ ಓದು ಬಾರದು, ಮೊಮ್ಮಗನಿಗೆ ಆ ಅಕ್ಷರ ಬಾರದು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಂದು ನೆಲೆಸಿ, ಇಪ್ಪತ್ತು ವರ್ಷ ಮೈಮುರಿದು, ಜೊತೆಯವರೊಡನೆ 1831ರ ಹೊತ್ತಿಗೆ ಇಡೀ ವೇದವನ್ನು ಕನ್ನಡಕ್ಕೆ ತಂದರು. ಪರದೇಶದವನು ಇಷ್ಟು ಮಾಡಿದ. ನಮ್ಮ ಹತ್ತನೆಯ ತರಗತಿಯ ಹುಡುಗ ನಮ್ಮದೇ ಸುಮಾರು ಐವತ್ತು ಅಕ್ಷರ ಕಲಿತು, ವಾರಕ್ಕೆ ಎರಡು ಸಂಜೆ ಲೈನ್ ಮನೆಯ ಮುದುಕರಿಗೆ ಒಂದೊಂದು ಅಧ್ಯಾಯ ಓದಿ ಹೇಳಿದರೆ, ಅದು ಪಾಲಕರ ಸೇವೆಗಿಂತ ಕಡಿಮೆಯದೆಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ತಟ್ಟುವಿಕೆ ಆಸ್ಪತ್ರೆಯದು. ತಳಿ, ಡೆಂಕಣಿಕೋಟೆ, ಹೊಸೂರಿನ ಆಸ್ಪತ್ರೆಗಳಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕು, ಯಾವ ಚೀಟಿ ಎಲ್ಲಿ ಕೊಡಬೇಕು ಎಂದು ತಿಳಿಯದೆ ಮಧ್ಯಾಹ್ನದವರೆಗೆ ಗೋಡೆಗೆ ಒರಗಿ ಕೂತು, ಔಷಧಿ ಇಲ್ಲದೆ ವಾಪಸ್ಸಾದ ತಾಯಂದಿರು ಈ ಕೂಟದಲ್ಲೇ ಇದ್ದಾರೆ. ತಮಿಳು ಓದಬಲ್ಲ ಒಬ್ಬ ಹುಡುಗಿ ಜೊತೆಗೆ ಹೋದರೆ ಸಾಕು. ಪ್ರಾರ್ಥನೆ ಮಾಡಿಸಿಕೊಳ್ಳದಿದ್ದರೆ ಜೊತೆಗೆ ಬರುವುದಿಲ್ಲ ಎನ್ನಬೇಡಿ. ನಮ್ಮ ಸಭೆಯವರಲ್ಲದಿದ್ದರೂ ಹೋಗಿ. ನಾಮಾನನು ಅರಾಮಿನವನಾಗಿದ್ದ.

ತೋಟದ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ತಾಯಂದಿರು ಹೋಗುತ್ತಾರೆ. ಫೆಬ್ರವರಿ ಬಂದರೆ ಗುಲಾಬಿ ಕೊಯ್ಲಿನ ಅವಸರ ಕೇಳುವುದೇ ಬೇಡ. ಎಲ್ಲೋ ಯಾರೋ ಪ್ರೀತಿಯ ದಿನ ಆಚರಿಸುವುದಕ್ಕೆ ನಮ್ಮ ಹೆಣ್ಣುಮಕ್ಕಳ ಬೆರಳಿಗೆ ಮುಳ್ಳು. ಆ ಹೊತ್ತಿನಲ್ಲಿ ಚಿಕ್ಕ ಮಕ್ಕಳಿಗೆ ಗಂಜಿ ಕುಡಿಸಿ ಶಾಲೆಗೆ ಕಳಿಸುವವರು ಯಾರು? ವಯಸ್ಸಾದ ಅಪ್ಪಂದಿರೇ, ಅಮ್ಮಂದಿರೇ, ಇದು ನಿಮಗೆ. ದ್ರಾಕ್ಷೇತೋಟದ ಸಾಮ್ಯದಲ್ಲಿ ಸಂಜೆ ಐದು ಗಂಟೆಯವರೆಗೆ ಪೇಟೆಯಲ್ಲಿ ನಿಂತಿದ್ದವರು ಸೋಮಾರಿಗಳಲ್ಲ. ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅವರೇ ಹೇಳಿದರು. ಕೈ ನಡುಗುತ್ತದೆಂದು ತೋಟದವರು ನಿಮ್ಮನ್ನು ಕರೆಯುವುದನ್ನು ನಿಲ್ಲಿಸಿದ್ದಾರೆ. ಕರ್ತನು ನಿಲ್ಲಿಸಿಲ್ಲ.

ಕೊನೆಯಲ್ಲಿ ಸಭಾ ಹಿರಿಯರಿಗೂ ನನ್ನಂಥ ಬೋಧಕರಿಗೂ ಒಂದು ಮಾತು. ಇದನ್ನು ಹೇಳದೆ ಕೂತರೆ ಮೇಲಿನದೆಲ್ಲ ವ್ಯರ್ಥ. ಸೇವೆ ಎಂಬ ಹೆಸರಿನಲ್ಲಿ ಬಿಟ್ಟಿ ಮಾಡಿಸುವ ರೋಗ ಸಭೆಗಳಿಗೂ ಹತ್ತುತ್ತದೆ. ಹಬ್ಬದ ಕೂಟ ಬಂದಾಗಲೆಲ್ಲ ಅದೇ ನಾಲ್ಕು ಹೆಂಗಸರು ಹೊಗೆಯಲ್ಲಿ ಕೂತು ಅನ್ನ ಬಸಿಯುತ್ತಾರೆ, ಪ್ರಸಂಗ ಕೇಳುವುದು ಗೋಡೆಯಾಚೆಯಿಂದ. ಅವರನ್ನು ಯಾರಾದರೂ ಕೇಳಿದ್ದೀರಾ? ವಾರವೆಲ್ಲ ದುಡಿದ ಹುಡುಗನನ್ನು ಭಾನುವಾರ ಸಭೆಯ ಗೋಡೆ ಕಟ್ಟಲು ಕರೆದು, ಬಾರದಿದ್ದರೆ ಭಕ್ತಿ ಕಡಿಮೆಯೆಂದು ಎಲ್ಲರೆದುರು ಆಡಿದರೆ, ಅದು ಸೀಟಿಗಿಂತ ಕೆಟ್ಟದ್ದು. ಅಪ್ಪಂದಿರೂ ತಾಯಂದಿರೂ ಹರಕೆ ಹೊತ್ತು ಮಗನನ್ನು ಪಾದ್ರಿಯನ್ನಾಗಿ, ಮಗಳನ್ನು ಸಿಸ್ಟರನ್ನಾಗಿ ಮಾಡುತ್ತೇವೆಂದು ಮಾತು ಕೊಟ್ಟು ಬಂದಿರುವುದುಂಟು. ಹರಕೆ ನಿಮ್ಮದು, ಒಪ್ಪಿಗೆ ಆ ಮಕ್ಕಳದು. ಬೇಡ ಅನ್ನುವ ಬಾಗಿಲು ತೆರೆದಿದ್ದರೆ ಮಾತ್ರ ಹೂಂ ಎಂಬುದಕ್ಕೆ ಬೆಲೆ. ಮರಿಯಳ ಬಳಿಗೆ ಬಂದ ದೇವದೂತನೂ ಅವಳು ಪ್ರಶ್ನೆ ಕೇಳಿ ಮುಗಿಸುವವರೆಗೆ, ಉತ್ತರ ಕೊಡುವವರೆಗೆ ನಿಂತಿದ್ದ. ಅವಳು ಒಪ್ಪಿದ ಮೇಲೆಯೇ ಹೋದ ಎಂದು ಲೂಕನು ಬರೆಯುತ್ತಾನೆ.

ಆದ್ದರಿಂದ ಇವತ್ತು ನಾನು ಕೈ ಎತ್ತಿಸುವುದಿಲ್ಲ. ಯಾರನ್ನೂ ಮುಂದಕ್ಕೆ ಕರೆದು ನಿಲ್ಲಿಸುವುದಿಲ್ಲ, ಹೆಸರಿನ ಪಟ್ಟಿ ಹಿಡಿದು ಸಾಲಿನ ನಡುವೆ ಬರುವುದಿಲ್ಲ. ಮನೆಗೆ ಹೋಗಿ, ಊಟ ಮಾಡಿ, ಮಲಗುವ ಮುಂಚೆ ಕರ್ತನೊಡನೆ ಮಾತಾಡಿರಿ. ಆಗುವುದಿಲ್ಲ ಅನ್ನಿಸಿದರೆ ಅದನ್ನೂ ಆತನಿಗೇ ಹೇಳಿರಿ. ಮುಂದಿನ ಕೂಟದಲ್ಲಿ ನಿಮ್ಮ ಮುಖ ನೋಡಿ ಯಾರೂ ಏನೂ ಕೇಳುವುದಿಲ್ಲ.

ಬುಧವಾರ ಸಂಜೆ ಏಳು ಗಂಟೆಗೆ ಇಲ್ಲೇ ಈ ಜಗಲಿಯ ಮೇಲೆ ಕನ್ನಡ ಅಕ್ಷರದ ಪಾಠ ಶುರುವಾಗುತ್ತದೆ. ಮಕ್ಕಳು ಮಾತ್ರವಲ್ಲ, ದೊಡ್ಡವರೂ ಬರಬಹುದು. ಸ್ಲೇಟು ಬಳಪ ನಾವು ತರುತ್ತೇವೆ. ಮಳೆ ಬಂದರೆ ಒಳಗೆ ಕೂಡೋಣ. ಹಿಂದಿರುಗುವಾಗ ಕತ್ತಲಾಗುವುದರಿಂದ ಟಾರ್ಚು ಇದ್ದವರು ತನ್ನಿರಿ, ಕಾಡಿನ ಅಂಚಿನ ಮನೆಯವರನ್ನು ಬಿಟ್ಟುಬರಲು ಇಬ್ಬರು ಬೇಕಾಗುತ್ತದೆ.